ಕಣ್ಣಾರೆ ಕಂಡ ಗೆಲುವು ದಾಖಲೆಯಲ್ಲಿ ಇಲ್ಲ

2018ರ ಮಾರ್ಚ್ 25, ಭಾನುವಾರ. ಆಗ ನಾನು ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಓದುತ್ತಿದ್ದೆ. ಊರು ಲಾರೆನ್ಸ್. ಹಾಸನದವನೊಬ್ಬ, ದಾವಣಗೆರೆಯವನೊಬ್ಬ, ನಾನು, ಮೂವರೂ ಒಂದೇ ಮನೆಯಲ್ಲಿದ್ದೆವು. ಅನ್ನ ಆರಲು ಬಿಟ್ಟು ಚಿತ್ರಾನ್ನದ ಒಗ್ಗರಣೆ ಅರ್ಧಕ್ಕೇ ನಿಲ್ಲಿಸಿ ಟಿವಿ ಮುಂದೆ ಕೂತಿದ್ದೆವು. ಒಮಾಹಾದಲ್ಲಿ ನಮ್ಮ ಕಾಲೇಜಿಗೂ ಡ್ಯೂಕ್ ವಿಶ್ವವಿದ್ಯಾಲಯಕ್ಕೂ ಬಾಸ್ಕೆಟ್‌ಬಾಲ್ ಪಂದ್ಯ. ಗೆದ್ದವರು ರಾಷ್ಟ್ರೀಯ ಟೂರ್ನಿಯ ಸೆಮಿಫೈನಲ್‌ಗೆ ಹೋಗುತ್ತಾರೆ.

ಕೊನೆಯ ಅರ್ಧ ನಿಮಿಷದಲ್ಲಿ ನಮ್ಮವರು ಮೂರು ಪಾಯಿಂಟ್ ಹಿಂದೆ ಇದ್ದರು. ಉಕ್ರೇನ್‌ನಿಂದ ಬಂದಿದ್ದ ಸ್ವಿ ಮಿಖೈಲ್ಯುಕ್ ದೂರದಿಂದ ಎಸೆದು ಸಮ ಮಾಡಿದ. ಆಮೇಲೆ ಡ್ಯೂಕ್‌ನ ಗ್ರೇಸನ್ ಆಲನ್ ಎಸೆದ ಚೆಂಡು ರಿಂಗಿನ ಮೇಲೆ ಸುತ್ತಿ ಸುತ್ತಿ, ಒಳಗೆ ಬಿದ್ದೇ ಬಿಟ್ಟಿತು ಅನ್ನುವಾಗ ಹೊರಗೆ ಬಿತ್ತು. ಓವರ್‌ಟೈಮ್‌ನಲ್ಲಿ ನಮ್ಮ ತಂಡದ 13 ಪಾಯಿಂಟನ್ನೂ ಮಲಿಕ್ ನ್ಯೂಮನ್ ಒಬ್ಬನೇ ಹೊಡೆದ. 85-81. ಊರಿಗೆ ಊರೇ ಬೀದಿಗೆ ಬಂತು. ನಾವೂ ಓಡಿದೆವು.

ಈಗ ದಾಖಲೆ ಪುಸ್ತಕ ತೆಗೆದು ನೋಡಿದರೆ ಕಾನ್ಸಾಸ್ ಆ ಪಂದ್ಯ ಗೆದ್ದಿಲ್ಲ. ಸೋತೂ ಇಲ್ಲ. ಡ್ಯೂಕ್‌ನ ಪುಸ್ತಕದಲ್ಲಿ ಮಾತ್ರ ಸೋಲು ಹಾಗೇ ಇದೆ. ಒಂದು ತಂಡ ಸೋತಿದೆ, ಗೆದ್ದವರು ಯಾರೂ ಇಲ್ಲ!

ಇದು ಹೇಗಾಯಿತು ಅನ್ನುವುದನ್ನು ಬಿಡಿಸಿ ಹೇಳಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಇದು ಬರೀ ನಮ್ಮ ಕಾಲೇಜಿನ ಅಳಲು ಅಲ್ಲ. ಅಮೆರಿಕದ ಕಾಲೇಜು ಆಟದಲ್ಲಿ ಈಗ ದುಡ್ಡಿನ ನಿಯಮವೇ ತಲೆಕೆಳಗಾಗಿದೆ. ಹಾಗಿರುವಾಗ ಹಳೇ ಶಿಕ್ಷೆಗಳನ್ನು ಏನು ಮಾಡಬೇಕು, ದಾಖಲೆ ಪುಸ್ತಕ ಅನ್ನುವುದು ಇರುವುದೇ ಯಾಕೆ ಅನ್ನುವ ಪ್ರಶ್ನೆಗಳು ಅಲ್ಲಿ ಎದ್ದು ನಿಂತಿವೆ.

ಮೊದಲು ಆದದ್ದು ಏನು ಅಂತ ನೋಡೋಣ. 2017ರ ಸೆಪ್ಟೆಂಬರ್‌ನಲ್ಲಿ ಎಫ್‌ಬಿಐ ಒಂದು ತನಿಖೆಯನ್ನು ಬಯಲು ಮಾಡಿತು. ಶೂ ಕಂಪನಿಗಳಿಗೆ ಸೇರಿದ ಜನ ಒಳ್ಳೆಯ ಹೈಸ್ಕೂಲ್ ಆಟಗಾರರ ಮನೆಯವರಿಗೆ ಗುಟ್ಟಾಗಿ ದುಡ್ಡು ಕೊಟ್ಟು, ತಮ್ಮ ಜೊತೆ ಒಪ್ಪಂದ ಇರುವ ಕಾಲೇಜಿಗೆ ಸೇರುವ ಹಾಗೆ ಮಾಡುತ್ತಿದ್ದರು ಅನ್ನುವುದು ಆರೋಪ. ಅಡಿಡಾಸ್‌ಗೆ ಸಂಬಂಧಪಟ್ಟವರ ಮೇಲೆ ಕೋರ್ಟಿನಲ್ಲಿ ಅಪರಾಧ ಸಾಬೀತೂ ಆಯಿತು. ಅದರಲ್ಲಿ ಕಾನ್ಸಾಸ್‌ನ ಹೆಸರೂ ಬಂತು. ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎ 2019ರಲ್ಲಿ ನೋಟಿಸ್ ಕೊಟ್ಟಿತು. ಕೇಸು ಎಳೆದು ಎಳೆದು, ಕೊನೆಗೆ ಒಂದು ಸ್ವತಂತ್ರ ಸಮಿತಿ 2023ರ ಅಕ್ಟೋಬರ್ 11ರಂದು ತೀರ್ಪು ಕೊಟ್ಟಿತು. ಮೊದಲು ಹೊರಿಸಿದ್ದ ದೊಡ್ಡ ಆರೋಪಗಳು ಸಣ್ಣವಾದವು. ಶಿಕ್ಷೆ ಮೂರು ವರ್ಷದ ಪ್ರೊಬೇಷನ್, ಅಂದರೆ ನಿಗಾ. ಜೊತೆಗೆ, ಆಡಲು ಅರ್ಹತೆ ಇಲ್ಲದ ಆಟಗಾರ ಕಣಕ್ಕೆ ಇಳಿದಿದ್ದ ಕಾರಣಕ್ಕೆ 2017-18ರ ಸೀಸನ್ನಿನ 15 ಗೆಲುವು ರದ್ದು. ಸೆಮಿಫೈನಲ್ ತಲುಪಿದ್ದೂ ರದ್ದು. ಆ ವರ್ಷದ ಲೀಗ್ ಪಟ್ಟವೂ ರದ್ದು.

ಇದಕ್ಕೆ ಅಲ್ಲಿ ವೇಕೇಟ್ ಅನ್ನುತ್ತಾರೆ. ನಮ್ಮ ಕಡೆ ಟೂರ್ನಮೆಂಟುಗಳಲ್ಲಿ ಓವರ್‌ಏಜ್ ಹುಡುಗ ಸಿಕ್ಕಿಬಿದ್ದರೆ ಎದುರು ತಂಡಕ್ಕೆ ಪಂದ್ಯ ಕೊಟ್ಟುಬಿಡುತ್ತಾರೆ, ಅಲ್ವಾ? ಅದು ಬೇರೆ, ಅದಕ್ಕೆ ಅಲ್ಲೂ ಬೇರೆ ಹೆಸರಿದೆ. ವೇಕೇಟ್ ಅಂದರೆ ಗೆದ್ದವರ ಪುಸ್ತಕದಿಂದ ಗೆಲುವನ್ನು ತೆಗೆಯುತ್ತಾರೆ, ಸೋತವರಿಗೆ ಏನೂ ಸಿಗುವುದಿಲ್ಲ. ರಬ್ಬರ್ ತಗೊಂಡು ಒಂದು ಕಡೆ ಮಾತ್ರ ಉಜ್ಜಿದ ಹಾಗೆ.

ಉಜ್ಜಿದ್ದು ಎಲ್ಲೆಲ್ಲಿ ಕಾಣುತ್ತದೆ ಅಂತ ನೋಡಿದರೆ ಇದರ ತೂಕ ಗೊತ್ತಾಗುತ್ತದೆ. ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಎಲ್ಲರಿಗಿಂತ ಜಾಸ್ತಿ ಪಂದ್ಯ ಗೆದ್ದವರು ಯಾರು ಅನ್ನುವ ಜಿದ್ದು ಕೆಂಟಕಿ ಮತ್ತು ಕಾನ್ಸಾಸ್ ನಡುವೆ ಇದೆ. ಬಹಳ ಕಾಲದಿಂದ ಕೆಂಟಕಿಯೇ ಮುಂದೆ. 2022ರಲ್ಲಿ ಕೆಂಟಕಿ 2,353 ಗೆಲುವಿನೊಂದಿಗೆ ರಾಷ್ಟ್ರೀಯ ಟೂರ್ನಿಗೆ ಬಂದು, ಮೊದಲ ಪಂದ್ಯದಲ್ಲೇ ಸೇಂಟ್ ಪೀಟರ್ಸ್ ಎಂಬ ಸಣ್ಣ ಕಾಲೇಜಿಗೆ ಓವರ್‌ಟೈಮ್‌ನಲ್ಲಿ ಸೋತು ಮನೆಗೆ ಹೋಯಿತು. ಕಾನ್ಸಾಸ್ ಗೆಲ್ಲುತ್ತಾ ಹೋಗಿ ಪ್ರಾವಿಡೆನ್ಸ್ ಕಾಲೇಜನ್ನು ಸೋಲಿಸಿದಾಗ 2,354 ಆಯಿತು. ಮೊದಲ ಸ್ಥಾನ! ಅದೇ ಟೂರ್ನಿಯ ಫೈನಲ್‌ನಲ್ಲಿ ನಾರ್ತ್ ಕೆರೊಲಿನಾ ವಿರುದ್ಧ 16 ಪಾಯಿಂಟ್ ಹಿಂದೆ ಬಿದ್ದಿದ್ದವರು 72-69ರಲ್ಲಿ ಗೆದ್ದರು. ಫೈನಲ್‌ನಲ್ಲಿ ಅಷ್ಟು ಹಿಂದಿನಿಂದ ಬಂದು ಗೆದ್ದವರು ಅದಕ್ಕೆ ಮೊದಲು ಇರಲಿಲ್ಲ. 2023ರ ಸೀಸನ್ ಮುಗಿದಾಗ ಲೆಕ್ಕ ಕಾನ್ಸಾಸ್ 2,385, ಕೆಂಟಕಿ 2,375. ಅಕ್ಟೋಬರ್‌ನಲ್ಲಿ ತೀರ್ಪು ಬಂತು, 15 ಕಳೆಯಿತು, 2,370 ಆಯಿತು. ಒಂದೇ ಒಂದು ಪಂದ್ಯ ಆಡದೆ ಕೆಂಟಕಿ ಮತ್ತೆ ಮೊದಲ ಸ್ಥಾನಕ್ಕೆ ಬಂತು.

ಇನ್ನೊಂದು ದಾಖಲೆ ನನಗೆ ಇದಕ್ಕಿಂತ ಜಾಸ್ತಿ ನೋವು ಕೊಡುತ್ತದೆ. 2005ರಿಂದ 2018ರವರೆಗೆ ಸತತ 14 ವರ್ಷ ಕಾನ್ಸಾಸ್ ತನ್ನ ಲೀಗ್‌ನಲ್ಲಿ ಮೊದಲು ಬಂತು. ಅದಕ್ಕೆ ಮುಂಚೆ 1967ರಿಂದ 1979ರವರೆಗೆ ಯುಸಿಎಲ್‌ಎ ಎಂಬ ಕಾಲೇಜು ತನ್ನ ಲೀಗನ್ನು 13 ವರ್ಷ ಗೆದ್ದಿತ್ತು. ಆ ದಾಖಲೆ ಮುರಿಯಲು ಸುಮಾರು ನಾಲ್ಕು ದಶಕ ಬೇಕಾಯಿತು. ಮುರಿದ ವರ್ಷವೇ 2018. ಈಗ ಆ ವರ್ಷ ಅಳಿಸಿದ್ದಾರೆ, ಹಾಗಾಗಿ 13-13, ಸಮ. ಹದಿನಾಲ್ಕು ವರ್ಷದಲ್ಲಿ ಅಳಿಸಿ ಹೋದದ್ದು ಸರಿಯಾಗಿ ಅದೇ ಒಂದು ವರ್ಷ.

ಈ ಕಾಲೇಜಿಗೆ ದಾಖಲೆ ಅಂದರೆ ಯಾಕೆ ಇಷ್ಟು ಪ್ರಾಣ ಅಂತ ಕೇಳಬಹುದು. ಬಾಸ್ಕೆಟ್‌ಬಾಲ್ ಆಟವನ್ನು ಕಂಡುಹಿಡಿದವರೇ ಇದರ ಮೊದಲ ಕೋಚ್. ಜೇಮ್ಸ್ ನೇಸ್ಮಿತ್ 1891ರ ಡಿಸೆಂಬರ್‌ನಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ಶಾಲೆಯಲ್ಲಿ ಪೀಚ್ ಹಣ್ಣಿನ ಬುಟ್ಟಿ ಮೊಳೆ ಹೊಡೆದು ಈ ಆಟ ಶುರು ಮಾಡಿದರು. 1898ರಲ್ಲಿ ಕಾನ್ಸಾಸ್‌ಗೆ ಬಂದರು. ಮರುವರ್ಷ ಫೆಬ್ರವರಿ 3ರಂದು ನಡೆದ ಕಾಲೇಜಿನ ಮೊದಲ ಪಂದ್ಯದಲ್ಲಿ ಕಾನ್ಸಾಸ್ ಸಿಟಿ ವೈಎಂಸಿಎ ಎದುರು 16-5ರಲ್ಲಿ ಸೋತರು. ಅವರ ಒಟ್ಟು ಲೆಕ್ಕ 55 ಗೆಲುವು, 60 ಸೋಲು. ನೂರಿಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲದಲ್ಲಿ ಈ ಕಾಲೇಜಿಗೆ ಎಂಟೇ ಕೋಚ್‌ಗಳು, ಅವರಲ್ಲಿ ಗೆಲುವಿಗಿಂತ ಸೋಲು ಜಾಸ್ತಿ ಇರುವವರು ನೇಸ್ಮಿತ್ ಒಬ್ಬರೇ. ಆ 60 ಸೋಲನ್ನು ಯಾರೂ ಮುಚ್ಚಿಟ್ಟಿಲ್ಲ. ಕಣದ ಮೇಲೇ ಅವರ ಹೆಸರು ಬರೆದಿದ್ದಾರೆ.

ಅವರು ಟೈಪ್ ಮಾಡಿಸಿದ ಮೂಲ ನಿಯಮಗಳ ಎರಡು ಹಾಳೆ ಈಗ ಲಾರೆನ್ಸ್‌ನಲ್ಲೇ ಇವೆ. 2010ರಲ್ಲಿ ಹರಾಜಿಗೆ ಬಂದಾಗ ಡೇವಿಡ್ ಬೂತ್ ಎಂಬ ಹಳೇ ವಿದ್ಯಾರ್ಥಿ 43 ಲಕ್ಷ ಡಾಲರ್‌ಗೂ ಹೆಚ್ಚು ಕೊಟ್ಟು ಕೊಂಡು ತಂದರು. ಕ್ರೀಡಾಂಗಣದ ಪಕ್ಕದ ಕಟ್ಟಡದಲ್ಲಿ ಗಾಜಿನ ಹಿಂದೆ, ಮಬ್ಬು ಬೆಳಕಿನಲ್ಲಿ ಇಟ್ಟಿದ್ದಾರೆ. ಹಾಳೆ ಹಳದಿಗೆ ತಿರುಗಿದೆ. 13 ನಿಯಮ. ಅಲ್ಲಲ್ಲಿ ಪೆನ್ನಿನಲ್ಲಿ ತಿದ್ದಿದ ಗುರುತು ಇದೆ. ನಾನು ಮೊದಲ ಸಲ ನೋಡಿದಾಗ ಬಹಳ ಹೊತ್ತು ನಿಂತದ್ದು ಆ ಪೆನ್ನಿನ ಗುರುತಿನ ಮುಂದೆ. ಟೈಪ್ ಮಾಡಿದ್ದು ಸಾಲದು ಅನ್ನಿಸಿದಾಗ ಆ ಮನುಷ್ಯ ಹೊಸ ಹಾಳೆ ತಗೊಳ್ಳಲಿಲ್ಲ, ಅದೇ ಹಾಳೆಯಲ್ಲಿ ಕೈಯಲ್ಲಿ ಸೇರಿಸಿದರು. ಮೊದಲು ಏನಿತ್ತು, ಆಮೇಲೆ ಏನಾಯಿತು, ಎರಡೂ ಓದಬಹುದು.

ನೇಸ್ಮಿತ್ ಆದಮೇಲೆ ಬಂದವರು ಅವರ ಶಿಷ್ಯ ಫಾಗ್ ಆಲನ್. ಕಾನ್ಸಾಸ್‌ನಲ್ಲಿ ಅವರದು 590 ಗೆಲುವು. 1952ರಲ್ಲಿ ರಾಷ್ಟ್ರೀಯ ಪಟ್ಟ. ಅವರ ಕೈಯಲ್ಲಿ ಆಡಿದ ಅಡಾಲ್ಫ್ ರಪ್ ಮುಂದೆ ಕೆಂಟಕಿಗೆ ಹೋಗಿ ದೊಡ್ಡ ಕೋಚ್ ಆದರು. ಡೀನ್ ಸ್ಮಿತ್ ನಾರ್ತ್ ಕೆರೊಲಿನಾಗೆ ಹೋದರು. ಅಂದರೆ ಇವತ್ತು ಕಾನ್ಸಾಸ್ ಪೈಪೋಟಿ ಮಾಡುವ ಎರಡು ಮನೆಗಳಿಗೂ ತಾಯಿಬೇರು ಲಾರೆನ್ಸ್‌ನಲ್ಲೇ ಇದೆ. 1955ರಲ್ಲಿ ತೆರೆದ ಕಾಲೇಜಿನ ಕ್ರೀಡಾಂಗಣ ಆಲನ್ ಫೀಲ್ಡ್‌ಹೌಸ್‌ನಲ್ಲಿ ನಾನು ಓದುವಾಗ 16,300 ಜನ ಕೂರುತ್ತಿದ್ದರು. ಒಳಗೆ ಜನರ ಉಸಿರಿನ ಬಿಸಿಯೇ ಜಾಸ್ತಿ. ಪಂದ್ಯ ಶುರುವಾಗುವ ಮುಂಚೆ 'ರಾಕ್ ಚಾಕ್ ಜೇಹಾಕ್' ಅಂತ ಕಾಲೇಜಿನ ಘೋಷವನ್ನು ನಿಧಾನಕ್ಕೆ ಎಳೆದು ಹಾಡುತ್ತಾರೆ. ಹೆಗಲಿಗೆ ಹೆಗಲು ಕೊಟ್ಟು ತೂಗುತ್ತಾರೆ. ನಮ್ಮೂರ ಜಾತ್ರೆಯಲ್ಲಿ ತೇರು ಎಳೆಯುವ ಮುಂಚೆ ಒಂದು ಕ್ಷಣ ಜನ ಉಸಿರು ಹಿಡಿಯುತ್ತಾರಲ್ಲ, ಹಾಗೆ ಇರುತ್ತದೆ ಅದು.

ಇದೇ ಕಾಲೇಜಿಗೆ ಮೊದಲೂ ಒಮ್ಮೆ ಶಿಕ್ಷೆ ಆಗಿತ್ತು. ಅದನ್ನು ಪಕ್ಕದಲ್ಲಿ ಇಟ್ಟು ನೋಡಿದರೆ 2023ರ ತೀರ್ಪು ಅರ್ಥವಾಗುತ್ತದೆ. 1988ರಲ್ಲಿ 11 ಪಂದ್ಯ ಸೋತಿದ್ದ ಸಾಧಾರಣ ತಂಡವನ್ನು ಡ್ಯಾನಿ ಮ್ಯಾನಿಂಗ್ ಒಬ್ಬನೇ ಹೆಗಲ ಮೇಲೆ ಹೊತ್ತ ಹಾಗೆ ಫೈನಲ್‌ಗೆ ತಂದ. ಒಕ್ಲಹೋಮಾ ವಿರುದ್ಧ 31 ಪಾಯಿಂಟ್, 18 ರೀಬೌಂಡ್. ಪಟ್ಟ ಬಂತು. ಅದೇ ವರ್ಷ ನವೆಂಬರ್‌ನಲ್ಲಿ ಎನ್‌ಸಿಎಎ ಬೇರೆ ಕಾಲೇಜಿನಿಂದ ಬರಲಿದ್ದ ಒಬ್ಬ ಆಟಗಾರನಿಗೆ ನಿಯಮ ಮೀರಿ ನೆರವು ಕೊಟ್ಟಿದ್ದೀರಿ ಅಂತ ಶಿಕ್ಷೆ ಕೊಟ್ಟಿತು. ಆ ಆಟಗಾರ ಕಾನ್ಸಾಸ್ ಪರ ಆಡಲೇ ಇಲ್ಲ, ಹಾಗಾಗಿ ಪಟ್ಟ ಉಳಿಯಿತು. 1989ರ ಟೂರ್ನಿಗೆ ಮಾತ್ರ ಬರುವ ಹಾಗಿಲ್ಲ ಅಂದರು. ಹಾಲಿ ಚಾಂಪಿಯನ್ ತಂಡ ಪಟ್ಟ ಉಳಿಸಿಕೊಳ್ಳಲು ಆಡುವಂತಿಲ್ಲ! ಅಂಥದ್ದು ಮೊದಲ ಸಲ.

ಎರಡು ಶಿಕ್ಷೆಯ ವ್ಯತ್ಯಾಸ ಇಲ್ಲಿದೆ. 1988ರಲ್ಲಿ ಮುಂದಿನ ವರ್ಷವನ್ನು ಕಿತ್ತುಕೊಂಡರು. 2023ರಲ್ಲಿ ಹಿಂದಿನ ವರ್ಷವನ್ನು ಕಿತ್ತುಕೊಂಡರು. ಮೊದಲನೆಯದರಲ್ಲಿ ಏನೂ ಮಾಡದ ಹುಡುಗರು ಪೆಟ್ಟು ತಿಂದರು, ಹೊಸದಾಗಿ ಬಂದ ಕೋಚ್ ರಾಯ್ ವಿಲಿಯಮ್ಸ್ ಕೂಡ. ಎರಡನೆಯದರಲ್ಲಿ ಈಗಿನ ಹುಡುಗರಿಗೆ ಪೆಟ್ಟು ಬೀಳಬಾರದು ಅನ್ನುವ ಕಾಳಜಿ ಇತ್ತು, ಅದು ಒಳ್ಳೆಯದೇ. ಆದರೆ ಪೆಟ್ಟು ಬಿದ್ದದ್ದು ಯಾರಿಗೆ? 2018ರಲ್ಲಿ ಏನೂ ಗೊತ್ತಿಲ್ಲದೆ ಆಡಿ ಗೆದ್ದ ಉಳಿದ ಹುಡುಗರಿಗೆ. ಕೋಚ್ ಬಿಲ್ ಸೆಲ್ಫ್ ಅವರನ್ನು 2022ರಲ್ಲೇ ಕಾಲೇಜು ತಾನಾಗಿ ನಾಲ್ಕು ಪಂದ್ಯ ಹೊರಗೆ ಕೂರಿಸಿತ್ತು, ಸಮಿತಿ ಅದಕ್ಕೆ ಹೆಚ್ಚೇನೂ ಸೇರಿಸಲಿಲ್ಲ. ತೀರ್ಪು ಬಂದು ತಿಂಗಳೊಳಗೆ ಅವರಿಗೆ ಐದು ವರ್ಷಕ್ಕೆ 5.3 ಕೋಟಿ ಡಾಲರ್‌ನ ಹೊಸ ಒಪ್ಪಂದ ಆಯಿತು. ಸೆಲ್ಫ್ ಬಗ್ಗೆ ನನಗೆ ಗೌರವ ಇದೆ, 2008 ಮತ್ತು 2022ರ ಪಟ್ಟ ಎರಡೂ ಅವರದೇ. ಅಳಿಸಿದ ಗೆಲುವು ಅವರನ್ನೂ ಬಿಡಲಿಲ್ಲ. ಫಾಗ್ ಆಲನ್ ಅವರ 590ನ್ನು ಅವರು ದಾಟಿದ್ದು 2024ರ ನವೆಂಬರ್ 12ರಂದು, ಮಿಷಿಗನ್ ಸ್ಟೇಟ್ ವಿರುದ್ಧ. ಆ 15 ಸೇರಿಸಿ ಎಣಿಸಿದರೆ ಹಿಂದಿನ ಸೀಸನ್ನಿನಲ್ಲೇ ದಾಟಿದ್ದರು. ಆದರೂ ನಿಜವಾಗಿ ನಿರ್ಧಾರ ಮಾಡುವವರ ಜೇಬಿಗೆ ಏನೂ ಆಗದೆ ಅಂಕಿಗೆ ಮಾತ್ರ ಪೆಟ್ಟು ಬಿದ್ದರೆ ಆ ಶಿಕ್ಷೆಗೆ ಯಾರು ಹೆದರುತ್ತಾರೆ ಹೇಳಿ.

ಅಳಿಸುವ ಪದ್ಧತಿ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅನ್ನುವುದಕ್ಕೆ 2008ರ ಫೈನಲ್ ನೋಡಿ. ಮೆಂಫಿಸ್ ವಿರುದ್ಧ 2.1 ಸೆಕೆಂಡ್ ಉಳಿದಾಗ ಮಾರಿಯೋ ಚಾಲ್ಮರ್ಸ್ ಮೂರು ಪಾಯಿಂಟ್ ಹೊಡೆದು 63-63 ಮಾಡಿದ, ಓವರ್‌ಟೈಮ್‌ನಲ್ಲಿ ಕಾನ್ಸಾಸ್ 75-68ರಲ್ಲಿ ಗೆದ್ದಿತು. ಆಮೇಲೆ ಮೆಂಫಿಸ್‌ನ ಆ ಇಡೀ ಸೀಸನ್ನನ್ನೇ ರದ್ದು ಮಾಡಿದರು. ಕಾನ್ಸಾಸ್‌ನ ಪಟ್ಟ ಇದೆ, ಎದುರಿಗೆ ಫೈನಲ್ ತನಕ ಬಂದವರ ದಾರಿ ಪುಸ್ತಕದಲ್ಲಿ ಇಲ್ಲ. ಲೂಯಿವಿಲ್ ಕಾಲೇಜು 2013ರಲ್ಲಿ ಗೆದ್ದ ಪಟ್ಟವನ್ನೇ 2018ರಲ್ಲಿ ಕಿತ್ತುಕೊಂಡರು, ಬ್ಯಾನರ್ ಇಳಿಸಿದರು. ಆ ವರ್ಷಕ್ಕೆ ಈಗ ಚಾಂಪಿಯನ್ನೇ ಇಲ್ಲ.

ಇದಕ್ಕೆ ಉಲ್ಟಾ ಒಂದು ಕತೆ ಅದೇ ಆಲನ್ ಫೀಲ್ಡ್‌ಹೌಸ್‌ನ ಗೋಡೆಯಲ್ಲಿ ತೂಗುತ್ತಿದೆ. 1952, 1988, 2008, 2022ರ ಬ್ಯಾನರ್‌ಗಳ ಜೊತೆಗೆ 1922 ಮತ್ತು 1923 ಅಂತಲೂ ಇದೆ. ಆಗ ರಾಷ್ಟ್ರೀಯ ಟೂರ್ನಿಯೇ ಇರಲಿಲ್ಲ, ಅದು ಶುರುವಾದದ್ದು 1939ರಲ್ಲಿ. ಲಾಸ್ ಏಂಜಲಿಸ್‌ನ ಹೆಲ್ಮ್ಸ್ ಫೌಂಡೇಷನ್ ಎಷ್ಟೋ ವರ್ಷ ಆದಮೇಲೆ ಕೂತು, ಹಳೇ ವರ್ಷಗಳಿಗೆಲ್ಲ ಇಂಥವರೇ ಚಾಂಪಿಯನ್ ಅಂತ ಹೆಸರು ಬರೆಯಿತು. ಆಡದ ಫೈನಲ್‌ನ ಬ್ಯಾನರ್ ಮೇಲಿದೆ, ಆಡಿ ಗೆದ್ದು ತಲುಪಿದ ಸೆಮಿಫೈನಲ್‌ಗೆ ಲೆಕ್ಕವಿಲ್ಲ. ನಮ್ಮ ಕಾಲೇಜಿನವರಿಗೆ ಈ ಮಾತು ಹಿಡಿಸದೇ ಇರಬಹುದು. ಆದರೆ 2018 ಇರಬೇಕು ಅಂತ ಕೇಳುವಾಗ 1922ರ ಬಗ್ಗೆಯೂ ನೇರವಾಗಿ ಮಾತಾಡಬೇಕು.

ಈಗ ದುಡ್ಡಿನ ವಿಷಯಕ್ಕೆ ಬರೋಣ. 2017ರಲ್ಲಿ ಆಟಗಾರನಿಗೆ ದುಡ್ಡು ಕೊಡುವುದೇ ಅಪರಾಧ. ಟೂರ್ನಿಯ ಟಿವಿ ಹಕ್ಕನ್ನು ಎನ್‌ಸಿಎಎ 2010ರಲ್ಲಿ 14 ವರ್ಷಕ್ಕೆ 1,080 ಕೋಟಿ ಡಾಲರ್‌ಗೆ ಮಾರಿತ್ತು, ಆಡುವ ಹುಡುಗನಿಗೆ ಫೀಸು, ಊಟ, ರೂಮು ಬಿಟ್ಟರೆ ಹೆಚ್ಚೇನೂ ಇಲ್ಲ. 2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 9-0 ತೀರ್ಪಿನಲ್ಲಿ ಎನ್‌ಸಿಎಎ ವಿರುದ್ಧ ನಿಂತಿತು. ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ದುಡಿಯಬಹುದು ಅಂತಾಯಿತು. 2025ರ ಜೂನ್‌ನಲ್ಲಿ ಇನ್ನೊಂದು ಒಪ್ಪಂದಕ್ಕೆ ಕೋರ್ಟ್ ಒಪ್ಪಿಗೆ ಸಿಕ್ಕಿ, ಒಂದು ಕಾಲೇಜು 2025-26ರಲ್ಲಿ 2.05 ಕೋಟಿ ಡಾಲರ್‌ವರೆಗೆ ತಾನೇ ನೇರವಾಗಿ ಆಟಗಾರರಿಗೆ ಹಂಚಬಹುದು ಅಂತಾಯಿತು. ಫುಟ್‌ಬಾಲ್ ಆಟಗಾರ ರೆಜಿ ಬುಷ್ ಇಂಥದ್ದೇ ದುಡ್ಡಿನ ಕಾರಣಕ್ಕೆ 2010ರಲ್ಲಿ ಬಿಟ್ಟುಕೊಟ್ಟಿದ್ದ, ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಸಿಗುವ ಹೈಸ್‌ಮನ್ ಟ್ರೋಫಿಯನ್ನು 2024ರ ಏಪ್ರಿಲ್‌ನಲ್ಲಿ ಅದನ್ನು ಕೊಡುವ ಟ್ರಸ್ಟ್ ಕರೆದು ಮರಳಿ ಕೊಟ್ಟಿತು. ಕಾಲ ಬದಲಾಗಿದೆ ಅನ್ನುವುದೇ ಅವರು ಕೊಟ್ಟ ಕಾರಣ.

ಹಾಗಾದರೆ 15 ಗೆಲುವನ್ನೂ ಸುಮ್ನೆ ವಾಪಸ್ ಕೊಟ್ಟುಬಿಡಿ ಅನ್ನುವವರು ಇದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಆಗಿನ ನಿಯಮ ಅನ್ಯಾಯದ್ದೇ ಇರಬಹುದು, ಆದರೆ ಅದನ್ನು ಪಾಲಿಸಿ ಸೋತ ಕಾಲೇಜುಗಳೂ ಇದ್ದವು. ದುಡ್ಡು ಗುಟ್ಟಾಗಿ ಕೈ ಬದಲಾಗಿದ್ದು ನಿಜ. ಅದನ್ನು ಏನೂ ಆಗಲಿಲ್ಲ ಅನ್ನುವ ಹಾಗೆ ಒರೆಸುವುದೂ ಒಂದು ಅಳಿಸುವಿಕೆಯೇ.

ನಮ್ಮಜ್ಜ ಹಳ್ಳಿಯ ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಲೆಡ್ಜರ್‌ನಲ್ಲಿ ತಪ್ಪಾದರೆ ಹಾಳೆ ಹರಿಯುವ ಹಾಗಿಲ್ಲ, ಬ್ಲೇಡಿನಿಂದ ಕೆರೆಯುವ ಹಾಗಿಲ್ಲ. ಕೆಂಪು ಶಾಯಿಯಲ್ಲಿ ಒಂದೇ ಗೆರೆ ಎಳೆಯಬೇಕು. ಕೆಳಗಿನ ಅಂಕಿ ಕಾಣುತ್ತಿರಬೇಕು. ಪಕ್ಕದಲ್ಲಿ ಸರಿ ಅಂಕಿ, ಕಾರಣ, ಸಹಿ, ತಾರೀಖು. ಆಡಿಟ್‌ಗೆ ಬಂದವರು ತಪ್ಪನ್ನೂ ಓದಬೇಕು, ತಿದ್ದಿದ್ದನ್ನೂ ಓದಬೇಕು. ಇಷ್ಟು ಸರಳ ಪದ್ಧತಿ ಎನ್‌ಸಿಎಎಗೆ ಯಾಕೆ ಬೇಡವಾಯಿತೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಪುಸ್ತಕದಿಂದ ಹೊರಗೆ ಉಳಿದವರ ಮಾತು ಬಂದಾಗ ಇನ್ನೊಬ್ಬರ ಹೆಸರು ಹೇಳಲೇಬೇಕು, ಅವರದು ತಪ್ಪೇ ಇಲ್ಲ. ಲಿನೆಟ್ ವುಡರ್ಡ್. 1977ರಿಂದ 1981ರವರೆಗೆ ಕಾನ್ಸಾಸ್ ಮಹಿಳಾ ತಂಡದಲ್ಲಿ ಆಡಿ 3,649 ಪಾಯಿಂಟ್ ಹೊಡೆದರು. ಆಗ ಮಹಿಳೆಯರಿಗೆ ಮೂರು ಪಾಯಿಂಟಿನ ಗೆರೆ ಇರಲಿಲ್ಲ. ಚೆಂಡು ಗಂಡಸರು ಆಡುವ ದೊಡ್ಡ ಚೆಂಡೇ. ಎನ್‌ಸಿಎಎ ಆಗ ಹೆಣ್ಣುಮಕ್ಕಳ ಬಾಸ್ಕೆಟ್‌ಬಾಲ್ ನಡೆಸುತ್ತಲೇ ಇರಲಿಲ್ಲ, ಎಐಎಡಬ್ಲ್ಯೂ ಅನ್ನುವ ಬೇರೆ ಸಂಸ್ಥೆ ನಡೆಸುತ್ತಿತ್ತು. ಹಾಗಾಗಿ ಆ 3,649 ಎನ್‌ಸಿಎಎ ಪುಸ್ತಕಕ್ಕೆ ಸೇರಲಿಲ್ಲ. 1984ರ ಒಲಿಂಪಿಕ್ ಚಿನ್ನ ಗೆದ್ದ ಅಮೆರಿಕ ತಂಡದ ನಾಯಕಿ ಅವರು. ಪ್ರದರ್ಶನ ಪಂದ್ಯ ಆಡುವ ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ತಂಡದ ಮೊದಲ ಮಹಿಳೆಯೂ ಅವರೇ. ಕಾಲೇಜಿನಲ್ಲಿ ಹೊಡೆದ ಪಾಯಿಂಟು ಮಾತ್ರ ಲೆಕ್ಕಕ್ಕಿಲ್ಲ.

2024ರ ಫೆಬ್ರವರಿ 15ರಂದು ಅಯೋವಾ ಕಾಲೇಜಿನ ಕೇಟ್ಲಿನ್ ಕ್ಲಾರ್ಕ್ ಎನ್‌ಸಿಎಎ ಪುಸ್ತಕದಲ್ಲಿದ್ದ 3,527 ದಾಟಿದಾಗ ಮಹಿಳೆಯರ ದಾಖಲೆ ಮುರಿಯಿತು ಅಂತ ದೊಡ್ಡ ಸಂಭ್ರಮ. ಪುಸ್ತಕದ ಪ್ರಕಾರ ಸರಿ. ಆದರೆ ವುಡರ್ಡ್ ಇನ್ನೂ ನೂರಕ್ಕೂ ಹೆಚ್ಚು ಪಾಯಿಂಟ್ ಮುಂದೆ ಇದ್ದರು. ಕ್ಲಾರ್ಕ್ ಅವರನ್ನು ನಿಜವಾಗಿ ದಾಟಿದ್ದು ಫೆಬ್ರವರಿ 28ರಂದು, ಮಿನೆಸೋಟಾದಲ್ಲಿ. ಆ ಎರಡು ವಾರದಲ್ಲಿ ಎಷ್ಟೋ ಜನ ವುಡರ್ಡ್ ಹೆಸರನ್ನು ಮೊದಲ ಸಲ ಕೇಳಿದರು. ಮಾರ್ಚ್ 3ರಂದು ಕ್ಲಾರ್ಕ್ ಪುರುಷರ ದಾಖಲೆಯಾದ ಪೀಟ್ ಮರಾವಿಚ್ ಅವರ 3,667 ದಾಟಿದ ದಿನ ವುಡರ್ಡ್ ಅಯೋವಾದ ಆ ಕ್ರೀಡಾಂಗಣದಲ್ಲೇ ಇದ್ದು ಚಪ್ಪಾಳೆ ತಟ್ಟಿದರು. ಟಿವಿಯಲ್ಲಿ ಅದನ್ನು ನೋಡಿ ನನಗೆ ಗಂಟಲು ಕಟ್ಟಿತು.

ಪುಸ್ತಕ ನನ್ನ ಕೈಗೆ ಕೊಟ್ಟರೆ ನಾನು ಬರೆಯುವುದು ಮೂರೇ ಸಾಲು. 1922, 1923: ಟೂರ್ನಿ ಇರಲಿಲ್ಲ, ಹೆಲ್ಮ್ಸ್ ಫೌಂಡೇಷನ್ ವರ್ಷಗಳ ಮೇಲೆ ಆರಿಸಿದ್ದು. 1977-81: ಲಿನೆಟ್ ವುಡರ್ಡ್, 3,649 ಪಾಯಿಂಟ್, ಎಐಎಡಬ್ಲ್ಯೂ ಕಾಲದಲ್ಲಿ. 2017-18: 31 ಗೆಲುವು, 8 ಸೋಲು, ಡ್ಯೂಕ್ ವಿರುದ್ಧ 85-81 ಸೇರಿ. ಈ 31ರಲ್ಲಿ 15ರ ಮೇಲೆ ಕೆಂಪು ಗೆರೆ, ಪಕ್ಕದಲ್ಲಿ ಕಾರಣ, ಕೆಳಗೆ ತಾರೀಖು: 11-10-2023.